ಗಿಟಾರಿನ ಫೇಡರ್ ಸೊನ್ನೆಯಲ್ಲೇ ಇತ್ತು: ಒಂದು ಸಹಾಯಾರ್ಥ ರಾಕ್ ಸಂಜೆಯ ಪ್ರಕರಣ

ಆ ಸಂಜೆಗೆ ನಾನು ಟಿಕೆಟ್ ತಗೊಂಡು ಹಾಡು ಕೇಳೋಕೆ ಹೋದವನು. ಮಧ್ಯಂತರದ ಹೊತ್ತಿಗೆ ಕುರ್ಚಿ ಬಿಟ್ಟು ಮಿಕ್ಸರ್, ಅಂದರೆ ಮೈಕು, ವಾದ್ಯಗಳ ಶಬ್ದವನ್ನು ಬೆರೆಸಿ ಏರಿಳಿಸುವ ಯಂತ್ರದ ಪಕ್ಕದಲ್ಲಿ ನಿಂತಿದ್ದೆ. ಎರಡು ವಾರ ಕಳೆದ ಮೇಲೆ ಬ್ಯಾಂಡಿನವರ ಹತ್ತಿರವೂ ಕಾರ್ಯಕ್ರಮ ನಡೆಸಿದವರ ಹತ್ತಿರವೂ ಕೂತು ಮಾತಾಡಿದೆ. ಬರೆಯೋಕೆ ಎಲ್ಲರೂ ಒಪ್ಪಿದರು, ಹೆಸರು ಮಾತ್ರ ಬೇಡ ಅಂದರು. ಹಾಗಾಗಿ ಯಾರ ಹೆಸರೂ ಇಲ್ಲಿಲ್ಲ, ಊರೂ ಇಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ತಲೆಲೆಕ್ಕ ಎಲ್ಲ ಅಂದಾಜಿನದು.

ಯಾರು, ಯಾಕೆ

ಬ್ಯಾಂಡಿನಲ್ಲಿ ಐದು ಜನ. ಒಬ್ಬ ಗಾಯಕ, ಇಬ್ಬರು ಗಿಟಾರಿನವರು, ತಗ್ಗಿನ ಸ್ವರದ ಬೇಸ್ ಗಿಟಾರಿಗೆ ಒಬ್ಬ, ಒಬ್ಬ ಡ್ರಮ್ಮರ್. ಎಲ್ಲರಿಗೂ ನಲವತ್ತು ದಾಟಿದೆ, ಎಲ್ಲರಿಗೂ ಹಗಲು ಬೇರೆ ಕೆಲಸ ಇದೆ. ಸ್ವಂತ ಹಾಡು ಕಟ್ಟುವ ಗೋಜಿಗೆ ಹೋದವರಲ್ಲ. 1960ರ ದಶಕದ ಕೊನೆಯಿಂದ 80ರ ದಶಕದ ಶುರುವಿನವರೆಗೆ ಬಂದ ರಾಕ್ ಹಾಡುಗಳನ್ನು ಮೂಲದಲ್ಲಿ ಇದ್ದ ಹಾಗೇ ನುಡಿಸುವುದು ಅವರ ಹೆಮ್ಮೆ. ಸೋಲೋದಲ್ಲಿ, ಅಂದರೆ ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗದಲ್ಲಿ, ಒಂದು ಸ್ವರ ಆಚೀಚೆ ಆದರೆ ಮೊದಲ ಗಿಟಾರಿಗನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಇದು ತಮಾಷೆಗೆ ಹೇಳಿದ್ದಲ್ಲ, ಅವರ ಹೆಂಡತಿ ಹೇಳಿದ್ದು.

ಈ ಬ್ಯಾಂಡಿಗೆ 11 ವರ್ಷದಿಂದ ಸೌಂಡ್ ನೋಡಿಕೊಳ್ಳುತ್ತಿದ್ದವರು ಒಬ್ಬರೇ. ಅವರನ್ನು ಇಲ್ಲಿ ಸೌಂಡಣ್ಣ ಅನ್ನುತ್ತೇನೆ. ಮಿಕ್ಸರ್ ಹಿಂದೆ ಕೂರುವವರು ಅವರೇ, ತಂತಿ ಎಳೆಯುವವರು ಅವರೇ, ಎಲ್ಲ ಮುಗಿದ ಮೇಲೆ ಸ್ಪೀಕರ್ ಹೊತ್ತು ಗಾಡಿಗೆ ಹಾಕುವವರೂ ಅವರೇ. ಹೊತ್ತು ಹೊತ್ತು ಬೆನ್ನು ಹೋಯಿತು. ಶಸ್ತ್ರಚಿಕಿತ್ಸೆ ಆಯಿತು. ನಾಲ್ಕು ತಿಂಗಳು ಭಾರ ಎತ್ತುವಂತಿಲ್ಲ ಅಂದರು ಡಾಕ್ಟರು. ಕೆಲಸಕ್ಕೆ ಹೋದ ದಿನ ಮಾತ್ರ ದುಡ್ಡು ಕಾಣುವ ಮನುಷ್ಯನಿಗೆ ಇದು ಸಣ್ಣ ವಿಷಯ ಅಲ್ಲ.

ಬ್ಯಾಂಡಿನವರು ತಾವಾಗಿ ಮುಂದೆ ಬಂದರು. ಒಂದು ಸಂಜೆ ಸಂಭಾವನೆ ಇಲ್ಲದೆ ನುಡಿಸುತ್ತೇವೆ, ಬಂದದ್ದೆಲ್ಲ ಅವರಿಗೇ ಹೋಗಲಿ ಅಂದರು. ನಡೆಸುವ ಜವಾಬ್ದಾರಿ ಹೊತ್ತದ್ದು ಸೌಂಡಣ್ಣನ ಅಕ್ಕ.

ಅಕ್ಕ ಮಾಡಿದ ಮೊದಲ ಕೆಲಸ ನನಗೆ ತುಂಬಾ ಇಷ್ಟವಾಯಿತು. ಪೋಸ್ಟರ್ ಅಚ್ಚಾಗುವ ಮೊದಲೇ ದುಡ್ಡು ಯಾವ ಖಾತೆಗೆ, ಯಾರ ಸಹಿಯಿಂದ, ಯಾವ ಖರ್ಚು ಕಳೆದು ಅನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಐವರ ಸಹಿ ಹಾಕಿಸಿದರು. ಅತಿಯಾಯಿತು ಅಂತ ಬೇಸ್ ನುಡಿಸುವವರು ನಕ್ಕರಂತೆ. ಆದರೆ ಇದೇ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ. 1971ರ ಆಗಸ್ಟ್ 1ರಂದು ಸಿತಾರ್ ವಾದಕ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಪ್ರದರ್ಶನ ಕೊಟ್ಟರು. ಗೇಟಿನಲ್ಲಿ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಬೇಗ ತಲುಪಿತು. ಆದರೆ ಕಾರ್ಯಕ್ರಮವನ್ನು ಮೊದಲೇ ಒಂದು ದತ್ತಿ ಸಂಸ್ಥೆಯ ಮೂಲಕ ಏರ್ಪಡಿಸಿರಲಿಲ್ಲ. ಹಾಗಾಗಿ ಧ್ವನಿಮುದ್ರಿಕೆ ಮತ್ತು ಚಿತ್ರದಿಂದ ಬಂದ ದೊಡ್ಡ ಮೊತ್ತ ತೆರಿಗೆ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಅಕ್ಕನಿಗೆ ಈ ಕತೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ನೆಂಟರ ಜಗಳ.

ಬೇರೆಯವರ ಹಾಡು ವೇದಿಕೆ ಮೇಲೆ ನುಡಿಸುವುದಕ್ಕೆ ಬೇಕಾದ ಪರವಾನಗಿ ಸಭಾಂಗಣದವರ ಹತ್ತಿರ ಮೊದಲೇ ಇತ್ತು. ಸಹಾಯಾರ್ಥ ಅಂದಾಕ್ಷಣ ಅದು ಬೇಡ ಅಂದುಕೊಳ್ಳುವವರಿದ್ದಾರೆ. ಕೇಳಿ ಖಚಿತ ಮಾಡಿಕೊಂಡರೇ ಒಳ್ಳೆಯದು.

ಸಭಾಂಗಣದಲ್ಲಿ 250 ಕುರ್ಚಿ. ಹಾಡು 22, ಹನ್ನೊಂದು ಹನ್ನೊಂದರ ಎರಡು ಭಾಗ. ದೇಣಿಗೆ ಕೇಳುವ ಮಾತು ಕೊನೆಯ ಹಾಡಿನ ಮುಂಚೆ. ಹೊಟ್ಟೆ ತುಂಬಾ ಹಾಡು ಕೇಳಿ ಖುಷಿಯಾದ ಜನ ಕೈ ಬಿಚ್ಚಿ ಕೊಡ್ತಾರೆ ಅನ್ನುವುದು ಲೆಕ್ಕಾಚಾರ. ತಪ್ಪೇನೂ ಅಲ್ಲ, ಅಷ್ಟು ಹೊತ್ತು ಅವರು ಕೂತಿದ್ದರೆ.

ಮೊದಲ ಭಾಗದಲ್ಲಿ ಏನಾಯಿತು

180 ಜನ ಬಂದಿದ್ದರು. ಸಹಾಯಾರ್ಥ ಕಾರ್ಯಕ್ರಮದ ಸಭಿಕರು ಬೇರೆ ಥರ. ರಾಕ್ ಹುಚ್ಚಿನವರು ಅಂತ ಮೂವತ್ತು ನಲವತ್ತು ಜನ ಇದ್ದಿರಬಹುದು. ಉಳಿದವರು ಸೌಂಡಣ್ಣನ ನೆರೆಹೊರೆಯವರು, ಅವರು ಕೆಲಸ ಮಾಡಿದ ಬೇರೆ ತಂಡಗಳವರು, ಅಕ್ಕನ ಸಹೋದ್ಯೋಗಿಗಳು, ಮಕ್ಕಳು, ನಾಲ್ಕೈದು ಅಜ್ಜಿಯರು. ಅವರು ಬಂದದ್ದು ಮನುಷ್ಯನಿಗಾಗಿ. ಬ್ಯಾಂಡಿನವರು ಮಾತ್ರ ಎಂದಿನ ಅಭಿಮಾನಿಗಳಿಗೆ ನುಡಿಸುವ ಹಾಗೇ ಶುರು ಮಾಡಿದರು.

ಮೊದಲ ಹಾಡಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನ ತುದಿ ಕಿವಿಗೆ ಒತ್ತಿಕೊಂಡರು. ಮೂರನೆಯದರಲ್ಲಿ ಗಾಯಕ ಏನು ಹಾಡುತ್ತಿದ್ದಾರೆ ಅನ್ನುವುದೇ ತಿಳಿಯುತ್ತಿರಲಿಲ್ಲ. ನಡುನಡುವೆ ಮೈಕು ಕೀಂ ಅಂತ ಕೂಗುತ್ತಿತ್ತು. ಏಳು ನಿಮಿಷದ ಹಾಡಿಗೆ ಸೋಲೋ ಸೇರಿ ಹನ್ನೆರಡು ನಿಮಿಷ. ನಾನು ಸುಮ್ನೆ ಕುತೂಹಲಕ್ಕೆ ಫೋನಿನಲ್ಲಿದ್ದ ಶಬ್ದ ಅಳೆಯುವ ಆ್ಯಪ್ ತೆಗೆದೆ. ನಡುಸಾಲಿನಲ್ಲಿ 103 ಡೆಸಿಬೆಲ್ ಆಸುಪಾಸು ತೋರಿಸಿತು. ಫೋನಿನ ಅಳತೆ ಪೂರ್ತಿ ನಂಬುವಂಥದ್ದಲ್ಲ, ಆದರೂ ಎಷ್ಟು ಹೆಚ್ಚು ಕಡಿಮೆ ಆಯಿತು ಅನ್ನುವುದಕ್ಕೆ ಸಾಕು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಕ್ಕೆ ಹೇಳಿರುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಮೂರು ಡೆಸಿಬೆಲ್ ಏರಿದಾಗೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಹಾಗೆ ಲೆಕ್ಕ ಹಾಕಿದರೆ 100ಕ್ಕೆ ಕಾಲು ಗಂಟೆ, 103ಕ್ಕೆ ಏಳೂವರೆ ನಿಮಿಷ. ಮೊದಲ ಭಾಗ ನಡೆದದ್ದು 70 ನಿಮಿಷ.

ಐದನೇ ಹಾಡಿನಿಂದ ಜನ ಏಳಲು ಶುರು ಮಾಡಿದರು. ಯಾರೂ ಬೈದುಕೊಂಡು ಹೋಗಲಿಲ್ಲ. ಅಕ್ಕನ ಕೈ ಹಿಡಿದು, ನಾಳೆ ಮಗುವಿಗೆ ಪರೀಕ್ಷೆ, ಬಸ್ಸು ಸಿಗಲ್ಲ ಅಂತ ಏನೋ ಒಂದು ಹೇಳಿ ಹೊರಟರು. ಮಧ್ಯಂತರಕ್ಕೆ ಹತ್ತು ನಿಮಿಷ ಇರುವಾಗ ಎಣಿಸಿದೆ, 110ರ ಹತ್ತಿರ ಉಳಿದಿದ್ದರು. ದೇಣಿಗೆ ಕೇಳುವ ಮಾತು ಇನ್ನೂ ಒಂದೂವರೆ ಗಂಟೆ ದೂರ ಇತ್ತು.

ಮೊದಲು ಮಾಡಿ ನೋಡಿದ್ದು

ಯಾರೂ ಎಚ್ಚೆತ್ತುಕೊಳ್ಳಲಿಲ್ಲ ಅಂತ ಹೇಳುವ ಹಾಗಿಲ್ಲ. ಅಕ್ಕ ಮುಂದಿನ ಎರಡು ಸಾಲಿನವರನ್ನು ಹಿಂದಕ್ಕೆ ಕೂರಿಸಿದರು, ಒಬ್ಬ ಹುಡುಗನ ಕೈಯಲ್ಲಿ ಹತ್ತಿ ಹಂಚಿಸಿದರು. ಮಿಕ್ಸರ್‌ಗೆ ಬದಲಿಯಾಗಿ ಬಂದಿದ್ದ ಯುವಕ ಗಾಯಕನ ದನಿ ಏರಿಸಿದ. ಮೈಕು ಇನ್ನೂ ಜಾಸ್ತಿ ಕೂಗಿತು. ಒಂದು ಹಾಡು ಮುಗಿದಾಗ ವೇದಿಕೆ ಅಂಚಿಗೆ ಓಡಿಹೋಗಿ ಮೊದಲ ಗಿಟಾರಿಗನಿಗೆ, "ಸರ್, ಸ್ವಲ್ಪ ಇಳಿಸ್ತೀರಾ" ಅಂದ. ಅವರು ಇಳಿಸಿದರು. ಒಂದು ಹಾಡು ಹಾಗೇ ಇತ್ತು. ಮುಂದಿನ ಹಾಡಿನ ಸೋಲೋ ಬಂದಾಗ ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಎರಡನೇ ಗಿಟಾರಿನವರು ತಮಗೆ ತಮ್ಮದೇ ಕೇಳಿಸುತ್ತಿಲ್ಲ ಅಂತ ತಮ್ಮದನ್ನೂ ಏರಿಸಿದರು.

ಈ ಯುವಕನ ಮೇಲೆ ಆಮೇಲೆ ಒಂದಿಷ್ಟು ಗೂಬೆ ಕೂರಿಸಿದರು. ಅದು ಅನ್ಯಾಯ. ನಾನು ಅವನ ಪಕ್ಕ ಹೋಗಿ, "ಗಿಟಾರ್ ಕಡಿಮೆ ಮಾಡೋಕಾಗಲ್ವಾ?" ಅಂದಾಗ ಅವನು ಮಾತಾಡದೆ ಮಿಕ್ಸರ್ ಕಡೆ ಬೆರಳು ತೋರಿಸಿದ. ಎರಡೂ ಗಿಟಾರಿನ ಫೇಡರ್, ಅಂದರೆ ಶಬ್ದ ಏರಿಳಿಸುವ ಜಾರುಗುಂಡಿಗಳು, ತಳಕ್ಕೆ ಇಳಿದು ಸೊನ್ನೆಯಲ್ಲಿ ಕೂತಿದ್ದವು. ಆದರೂ ಸಭಾಂಗಣದಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿದ್ದದ್ದು ಗಿಟಾರೇ.

ಚಿಕ್ಕ ಸಭಾಂಗಣದ ಗುಟ್ಟು ಇಲ್ಲಿದೆ. ಮಿಕ್ಸರ್ ಮೂಲಕ ಬರುವ ಶಬ್ದವನ್ನು ಮಾತ್ರ ಮಿಕ್ಸರ್‌ನವನು ಇಳಿಸಬಲ್ಲ. ಗಿಟಾರಿಗೆ ತನ್ನದೇ ಆಂಪ್, ಅಂದರೆ ಶಬ್ದ ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ ಇತ್ತು, ಅದು ನೇರವಾಗಿ ಜನರ ಮುಖಕ್ಕೆ ಊದುತ್ತಿತ್ತು. ಡ್ರಮ್ಸಿಗೆ ಗುಂಡಿಯೇ ಇಲ್ಲ. ಡ್ರಮ್ಮರ್ ಎಷ್ಟು ಜೋರಾಗಿ ಬಾರಿಸುತ್ತಾನೋ ಅದಕ್ಕಿಂತ ಮೇಲೆ ಗಿಟಾರ್ ಹೋಗಬೇಕು, ಗಿಟಾರಿಗಿಂತ ಮೇಲೆ ದನಿ ಹೋಗಬೇಕು, ಆ ದನಿ ಗಾಯಕನಿಗೇ ಕೇಳಬೇಕಾದರೆ ಕಾಲಬುಡದಲ್ಲಿ ಅವರ ಕಡೆಗೇ ತಿರುಗಿಸಿಟ್ಟ ಸ್ಪೀಕರ್, ಅಂದರೆ ಮಾನಿಟರ್, ಅದಕ್ಕಿಂತ ಜೋರಾಗಬೇಕು. ಮಾನಿಟರಿನ ಶಬ್ದ ತಿರುಗಿ ಮೈಕಿಗೆ ನುಗ್ಗಿದರೆ ಕೂಗು. ಸಾಲದ್ದಕ್ಕೆ ಗಾಯಕ ಭಾವಾವೇಶದಲ್ಲಿ ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಇಂಥ ಮೈಕುಗಳು ಹಿಂದಿನಿಂದ ಬರುವ ಶಬ್ದವನ್ನು ಆದಷ್ಟು ಬಿಟ್ಟು ಮುಂದಿನದನ್ನು ಹಿಡಿಯುವ ಹಾಗೆ ಮಾಡಿರುತ್ತಾರೆ. ತಲೆ ಮುಚ್ಚಿದರೆ ಆ ಗುಣವೇ ಹೋಗಿ ಎಲ್ಲ ಕಡೆಯದನ್ನೂ ಎಳೆದುಕೊಳ್ಳುತ್ತದೆ.

ಗಿಟಾರಿಗನ ಆಂಪ್ 100 ವ್ಯಾಟಿನದು, ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವಿನದು. ಇಂಥ ಆಂಪ್‌ಗಳು ಬಂದದ್ದು 1965ರ ಸುಮಾರಿಗೆ, ಇಂಗ್ಲೆಂಡಿನಲ್ಲಿ. ಆಗ ಸಭಾಂಗಣದ ಸ್ಪೀಕರ್‌ಗಳಿಗೆ ದನಿ ಹೊರುವಷ್ಟೇ ಶಕ್ತಿ, ಗಿಟಾರ್ ತನ್ನ ಶಬ್ದವನ್ನು ತಾನೇ ಕೊನೆಯ ಸಾಲಿಗೆ ಮುಟ್ಟಿಸಬೇಕಿತ್ತು. ವಾಲ್ವ್‌ಗಳನ್ನು ಚೆನ್ನಾಗಿ ಏರಿಸಿದಾಗಲೇ ಆ ಹದವಾದ ಒಡಕು ನಾದ ಬರುವುದು. ಹಾಗಾಗಿ ಇಳಿಸಿ ಅಂದರೆ ಗಿಟಾರಿಗನಿಗೆ ಸಿಟ್ಟು ಬರುವುದರಲ್ಲಿ ಅರ್ಥ ಇದೆ. ಅವರಿಗೆ ಶಬ್ದದ ಜತೆ ನಾದವೂ ಹೋಗುತ್ತದೆ.

ಸೌಂಡ್‌ಚೆಕ್, ಅಂದರೆ ಮುಂಚೆಯೇ ನುಡಿಸಿ ಶಬ್ದದ ಹದ ನೋಡುವುದು, ಮಾಡಿದ್ದು ಖಾಲಿ ಸಭಾಂಗಣದಲ್ಲಿ. ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲ ಸೇರಿ ಎತ್ತರದ ಸ್ವರಗಳನ್ನು ಹೀರಿಕೊಳ್ಳುತ್ತವೆ. ಮಧ್ಯಾಹ್ನ ಮಿಂಚುತ್ತಿದ್ದ ನಾದ ಸಂಜೆ ಮಂಕಾಗಿ ಕೇಳಿತು, ಎಲ್ಲರೂ ಒಂದೊಂದು ಸುತ್ತು ಏರಿಸಿದರು. 11 ವರ್ಷದಿಂದ ಇದನ್ನು ತಡೆಯುತ್ತಿದ್ದ ಮನುಷ್ಯ ಕೊನೆಯ ಸಾಲಿನಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಿದ್ದರು. ಏನೂ ಮಾಡಬಾರದು, ಸುಮ್ನೆ ಕೂರಬೇಕು ಅಂತ ಅಕ್ಕ ಆಣೆ ಹಾಕಿಸಿದ್ದರು.

ಮಧ್ಯಂತರ

ಹದಿನೈದು ನಿಮಿಷದ ಮಧ್ಯಂತರ ಇಪ್ಪತ್ತೈದಾಯಿತು. ಇಡೀ ಪ್ರಕರಣ ತಿರುಗಿದ್ದು ಅಲ್ಲೇ.

ವೇದಿಕೆ ಹಿಂದೆ ಮೊದಲು ಜಗಳ ನಡೆಯಿತು. ಗಾಯಕ, "ನನ್ನ ಗಂಟಲು ಹರಿದುಹೋಗಿದೆ, ನನಗೇ ನಾನು ಕೇಳಿಸ್ತಿಲ್ಲ" ಅಂದರು. ಗಿಟಾರಿಗ, "ಡ್ರಮ್ಸ್ ಕಡಿಮೆ ಮಾಡ್ಸಿ, ನಾನು ಮಾಡ್ತೀನಿ" ಅಂದರು. ಡ್ರಮ್ಮರ್, "ರಾಕ್ ಅಂದ್ಮೇಲೆ ಹೊಡೀಬೇಕು ಗುರೂ, ತಬಲಾ ಥರ ಸವರೋಕಾಗುತ್ತಾ?" ಅಂದರು. ಅಷ್ಟರಲ್ಲಿ ಕೋಲು ಊರಿಕೊಂಡು ಸೌಂಡಣ್ಣ ಬಂದರು. ಅಕ್ಕನ ಮುಖ ನೋಡಬೇಕಿತ್ತು.

ಅವರು ಬೈಯಲಿಲ್ಲ. ಮೊದಲು ಕೇಳಿದ್ದು ಗಿಟಾರಿಗನಿಗೆ: "ನಿಂಗೆ ನಿನ್ ಗಿಟಾರ್ ಸರಿಯಾಗಿ ಕೇಳಿಸ್ತಿದ್ಯೇನೋ?"

"ಇಲ್ಲ ಅಣ್ಣ, ಅದಕ್ಕೇ ಏರಿಸ್ತಿರೋದು."

ಆಂಪ್ ನೆಲದ ಮೇಲಿತ್ತು. ಅದರ ಸ್ಪೀಕರ್ ಗಿಟಾರಿಗನ ಮೊಣಕಾಲಿಗೆ ಊದುತ್ತಿತ್ತು. ಗಿಟಾರಿನ ಚೂಪಾದ ಸ್ವರಗಳು ಸ್ಪೀಕರಿನ ನೇರಕ್ಕೇ ಹೋಗುತ್ತವೆ. ಕಾಲ ಪಕ್ಕದಿಂದ ಹಾದು ಮೂರನೇ ಸಾಲಿನವರ ಕಿವಿಗೆ ನೆಟ್ಟಗೆ ಬಡಿಯುತ್ತಿದ್ದವು, ಗಿಟಾರಿಗನಿಗೆ ಸಿಕ್ಕುತ್ತಿದ್ದದ್ದು ಗುಂಯ್ ಅನ್ನುವ ಮಬ್ಬು ಶಬ್ದ. ಸೌಂಡಣ್ಣ ಕೋಲಿನಿಂದ ಒಂದು ಕುರ್ಚಿ ತೋರಿಸಿದರು. ಇಬ್ಬರು ಸೇರಿ ಆಂಪನ್ನು ಕುರ್ಚಿ ಮೇಲೆ ಎತ್ತಿಟ್ಟು, ಹಿಂದಕ್ಕೆ ಒರಗಿಸಿ, ಗಿಟಾರಿಗನ ಕಿವಿಗೆ ನೇರ ಮಾಡಿದರು. ಅವರು ಒಂದು ತಂತಿ ಮೀಟಿದರು, ಬೆಚ್ಚಿ ಹಿಂದೆ ಸರಿದರು, ತಾವಾಗಿ ಗುಂಡಿ ಇಳಿಸಿದರು. ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಆ ಸಂಜೆಯ ಅತಿ ಮುಖ್ಯವಾದ ಕ್ಷಣ ಅದೇ.

ಆಮೇಲೆ ಡ್ರಮ್ಸ್. ಡ್ರಮ್ಮರ್ ಮುಂದೆಯೇ ಇರುವ, ಚೂಪು ದನಿಯ ಸ್ನೇರ್ ಡ್ರಮ್ಮಿನ ಚರ್ಮದ ಮೇಲೆ ಏನಾದರೂ ಭಾರ ಇಟ್ಟರೆ ಅದರ ಟಣಟಣ ಸಾಯುತ್ತದೆ. ಡ್ರಮ್ಮರ್ ತಮ್ಮ ಪರ್ಸು ತೆಗೆದು ಅಂಚಿಗಿಟ್ಟು ಟೇಪು ಅಂಟಿಸಿದರು. ಡ್ರಮ್ಮರ್‌ಗಳಲ್ಲಿ ಇದು ಹಳೇ ಉಪಾಯ. ದಪ್ಪ ಕೋಲುಗಳ ಬದಲು ತೆಳು ಕಡ್ಡಿಗಳ ಕಟ್ಟಿನ ಕೋಲು ಹಿಡಿದರು. ಕಾಲಿನ ಡ್ರಮ್ಮಿನದು ಬಿಟ್ಟು ಉಳಿದ ಡ್ರಮ್ ಮೈಕುಗಳನ್ನೆಲ್ಲ ಆರಿಸಿದರು. ಬೇಸ್ ಆಂಪ್ ಮೂಲೆಯಲ್ಲಿತ್ತು. ಮೂಲೆಯ ಗೋಡೆಗಳು ತಗ್ಗಿನ ಸ್ವರವನ್ನು ಉಬ್ಬಿಸುತ್ತವೆ, ಹಾಗಾಗಿ ಅದನ್ನು ಈಚೆಗೆ ಎಳೆದರು. ಮಾನಿಟರ್ ಇಳಿಸಿದರು. ಗಾಯಕನಿಗೆ ಒಂದೇ ಮಾತು: "ಕೈ ಕೆಳಗೆ."

ಎಲ್ಲಕ್ಕೂ ಸೇರಿ ಹತ್ತು ನಿಮಿಷ. ಬೇರೆ ಸಲಕರಣೆ ಏನೂ ಬರಲಿಲ್ಲ.

ಉಳಿದ ಹೊತ್ತು ಹೋದದ್ದು ಹಾಡಿನ ಪಟ್ಟಿಗೆ. ಹನ್ನೊಂದನ್ನು ಏಳಕ್ಕೆ ಇಳಿಸಬೇಕು, ದೇಣಿಗೆ ಮಾತು ಎರಡನೇ ಹಾಡಿನ ನಂತರವೇ ಬರಬೇಕು ಅಂದರು ಅಕ್ಕ. ಗಿಟಾರಿಗ ಒಪ್ಪಲಿಲ್ಲ. ನಡುವೆ ದುಡ್ಡಿನ ಮಾತು ಬಂದರೆ ಲಯ ಹರಿದುಹೋಗುತ್ತೆ ಅಂದರು. ಅಕ್ಕ ಕಿಟಕಿಯಿಂದ ಹೊರಗೆ ಕೈ ತೋರಿಸಿದರು. ಇನ್ನೂ ಎರಡು ಕುಟುಂಬ ಗೇಟು ದಾಟುತ್ತಿದ್ದವು. ಅಲ್ಲಿಗೆ ವಾದ ಮುಗಿಯಿತು.

ಇನ್ನೊಂದು ಪ್ರಶ್ನೆ ಉಳಿದಿತ್ತು, ಸೌಂಡಣ್ಣನನ್ನು ವೇದಿಕೆಗೆ ಕರೆಯಬೇಕೋ ಬೇಡವೋ. ಗಾಯಕನಿಗೆ ಕರೆಯುವ ಆಸೆ. ಸೌಂಡಣ್ಣ ಖಡಾಖಂಡಿತ ಬೇಡ ಅಂದರು. "ಹನ್ನೊಂದು ವರ್ಷ ಕತ್ತಲಲ್ಲಿ ಕೂತಿದ್ದೀನಿ, ಈಗ ಕೋಲು ಹಿಡ್ಕೊಂಡು ಬೆಳಕಲ್ಲಿ ನಿಲ್ಲಲ್ಲ." ಸರಿಯಾದ ತೀರ್ಮಾನ ಅಂತ ನನಗೆ ಅನ್ನಿಸಿತು. ನೆರವು ಪಡೆಯುವವರನ್ನು ಜನರ ಮುಂದೆ ನಿಲ್ಲಿಸಿದರೆ ಡಬ್ಬಿ ತುಂಬಬಹುದು, ಆದರೆ ನಾಳೆ ಅದೇ ಜನರ ನಡುವೆ ಅವರು ಕೆಲಸಕ್ಕೆ ಹೋಗಬೇಕಲ್ವಾ?

ಎರಡನೇ ಭಾಗ

ಶುರುವಾದ ಅರ್ಧ ನಿಮಿಷಕ್ಕೆ ಸಭಿಕರಲ್ಲಿ ಏನೋ ಬದಲಾದದ್ದು ಕಾಣಿಸಿತು. ಜನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಹಾಡಿನ ಮಾತು ಕೇಳುತ್ತಿತ್ತು. ಎರಡು ಗಿಟಾರು ಬೇರೆ ಬೇರೆ ನುಡಿಸುತ್ತಿವೆ ಅನ್ನುವುದೇ ನನಗೆ ಆಗ ಗೊತ್ತಾದದ್ದು. ಆ್ಯಪ್ 93, 94 ತೋರಿಸಿತು. ಹತ್ತು ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ, ಕಿವಿಗೆ ಮಾತ್ರ ಸುಮಾರು ಅರ್ಧದಷ್ಟು ಅನ್ನಿಸುತ್ತದೆ.

ಎರಡು ಹಾಡಾದ ಮೇಲೆ ಗಾಯಕ ಮೈಕು ಹಿಡಿದರು, ಕೈ ಕೆಳಗೇ ಇತ್ತು. ಬರೆದುಕೊಂಡಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. "ಮಧ್ಯಂತರಕ್ಕೆ ಮುಂಚೆ ನೀವು ಕೇಳಿದ್ದು ನಮ್ಮ ಸೌಂಡಣ್ಣ ಇಲ್ಲದ ಬ್ಯಾಂಡು. ಈಗ ಕೇಳ್ತಿರೋದು ಅವರು ಹತ್ತು ನಿಮಿಷ ಬಂದು ಹೋದ ಬ್ಯಾಂಡು. ನಮಗೆ ಅವರು ವಾಪಸ್ ಬೇಕು." ಅಷ್ಟೇ ಮಾತು. ಜನ ನಕ್ಕರು, ಆಮೇಲೆ ತಿರುಗಿ ಕೊನೆಯ ಸಾಲು ನೋಡಿದರು. ಸೌಂಡಣ್ಣ ತಲೆ ತಗ್ಗಿಸಿ ಫೋನ್ ನೋಡುವ ಹಾಗೆ ಮಾಡುತ್ತಿದ್ದರು. ಡಬ್ಬಿ ಹೊರಟಿತು. ಅದು ಸಾಲು ಸಾಲು ಸುತ್ತುವಾಗ ಎಲ್ಲರಿಗೂ ಗೊತ್ತಿರುವ ಒಂದು ಹಾಡು ಶುರು ಮಾಡಿದರು, ಡಬ್ಬಿ ವೇದಿಕೆಗೆ ವಾಪಸ್ ಬರುವವರೆಗೂ ಮುಗಿಸಲಿಲ್ಲ. ಅಲ್ಲಿ ಗಿಟಾರಿಗನ ಉದ್ದದ ಸೋಲೋ ಉಪಯೋಗಕ್ಕೆ ಬಂತು.

ಕೊನೆಯವರೆಗೆ ನೂರರ ಹತ್ತಿರ ಜನ ಕೂತಿದ್ದರು.

ಲೆಕ್ಕ

ಟಿಕೆಟಿನ ದುಡ್ಡಿನಲ್ಲಿ ಮುಕ್ಕಾಲು ಪಾಲು ಸಭಾಂಗಣದ ಬಾಡಿಗೆಗೂ ಸ್ಪೀಕರ್ ಬಾಡಿಗೆಗೂ ಹೋಯಿತು. ಬ್ಯಾಂಡು ಪುಕ್ಕಟೆ ನುಡಿಸಿದರೂ ಕಾರ್ಯಕ್ರಮ ಪುಕ್ಕಟೆ ಆಗುವುದಿಲ್ಲ. ಸೌಂಡಣ್ಣನ ಕೈಗೆ ಹೋದ ಮೊತ್ತದಲ್ಲಿ ಸುಮಾರು ಮೂರನೇ ಎರಡು ಭಾಗ ಆ ಡಬ್ಬಿಯದು. ನಾಲ್ಕು ತಿಂಗಳ ಮನೆ ಖರ್ಚು ಅಂದುಕೊಂಡಿದ್ದರು, ಬಂದದ್ದು ಎರಡೂವರೆ ತಿಂಗಳಿಗೆ ಸಾಕಾಗುವಷ್ಟು. ಮುಂಚೆಯೇ ಎದ್ದು ಹೋದ ಎಂಬತ್ತು ಜನ ಟಿಕೆಟಿನ ದುಡ್ಡು ಬಿಟ್ಟು ಇನ್ನೇನೂ ಕೊಡಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಇದನ್ನು ಗೆಲುವು ಅಂತ ಬರೆಯೋಕೆ ನನಗೆ ಮನಸ್ಸಿಲ್ಲ. ಆ ಹತ್ತು ನಿಮಿಷ ನಿಂತದ್ದಕ್ಕೆ ಸೌಂಡಣ್ಣ ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಯಾರಿಗಾಗಿ ಕಾರ್ಯಕ್ರಮ ಮಾಡಿದರೋ ಅವರಿಂದಲೇ ಅದನ್ನು ಉಳಿಸಿಕೊಂಡ ಹಾಗಾಯಿತು. ಹಿಂದಿನ ದಿನ ಬದಲಿ ಯುವಕನನ್ನು ಅವರ ಜತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿಸಿದ್ದರೆ, ಜತೆಗೆ ಬ್ಯಾಂಡಿನವರು "ಇವತ್ತು ಇವನು ಹೇಳಿದ ಹಾಗೆ" ಅಂತ ಒಪ್ಪಿಕೊಂಡಿದ್ದರೆ, ಮೊದಲ ಹಾಡಿಗೇ ಆಂಪ್ ಕುರ್ಚಿ ಮೇಲೆ ಇರುತ್ತಿತ್ತು. ಯುವಕನಿಗೆ ಕೆಲಸ ಕೊಟ್ಟಿದ್ದರು, ಹೇಳುವ ಅಧಿಕಾರ ಕೊಟ್ಟಿರಲಿಲ್ಲ. ಇಂಥ ಕಾರ್ಯಕ್ರಮ ಮಾಡುವವರು ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ: ಬಾಗಿಲ ಹತ್ತಿರ ಒಬ್ಬರನ್ನು ನಿಲ್ಲಿಸಿ ಯಾವ ಹಾಡಿಗೆ ಎಷ್ಟು ಜನ ಎದ್ದರು ಅಂತ ಎಣಿಸಿ, ಆ ಲೆಕ್ಕವನ್ನು ವೇದಿಕೆ ಮೇಲಿರುವವರಿಗೆ ತಲುಪಿಸಲು ಒಂದು ದಾರಿ ಮಾಡಿಕೊಳ್ಳಿ. ವೇದಿಕೆಯ ದೀಪದ ಬೆಳಕಿಗೆ ಅವರಿಗೆ ಖಾಲಿ ಕುರ್ಚಿ ಕಾಣುವುದೇ ಇಲ್ಲ.

ಮೊದಲ ಗಿಟಾರಿಗ ಈಗಲೂ ಎರಡನೇ ಭಾಗ ಸಪ್ಪೆಯಾಗಿತ್ತು ಅನ್ನುತ್ತಾರೆ. ನಾನು ವಾದಿಸಲಿಲ್ಲ. ಅವರು ನಿಂತ ಜಾಗದಿಂದ ಹಾಗೇ ಕೇಳಿರಬಹುದು.

ಡ್ರಮ್ಮರ್ ಮೂರು ದಿನ ಪರ್ಸು ಹುಡುಕಿದರಂತೆ. ಸ್ನೇರಿನ ಪೆಟ್ಟಿಗೆ ತೆರೆದಾಗ ಟೇಪಿನ ಸಮೇತ ಅಲ್ಲೇ ಇತ್ತು. ಐದು ತಿಂಗಳ ನಂತರ ಅವರ ಮುಂದಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಸೌಂಡಣ್ಣ ಮಿಕ್ಸರ್ ಹಿಂದೆ ಇದ್ದರು, ಸ್ಪೀಕರ್ ಹೊರುತ್ತಿದ್ದದ್ದು ಆ ಯುವಕ. ಗಿಟಾರಿಗ ಮನೆಯಿಂದ ಒಂದು ಕಬ್ಬಿಣದ ಸ್ಟ್ಯಾಂಡ್ ತಂದು ಆಂಪನ್ನು ಅದರ ಮೇಲೆ ಒರಗಿಸುತ್ತಿದ್ದರು. ಹಿಂದಿನಿಂದ ಸೌಂಡಣ್ಣ ಕೂಗಿ ಹೇಳಿದರು, "ಇನ್ನೂ ಸ್ವಲ್ಪ ಓರೆ ಮಾಡು." ಅವರು ಗೊಣಗಿಕೊಂಡೇ ಮಾಡಿದರು.